ಮೋಟಾರಿನಲ್ಲಿ ಆಡಿದ ಮಾತು

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವಳು ಅವ್ವ ಒಬ್ಬಳೇ. ಮೆಲ್ಲಗೆ ಆಡಿದ ಮಾತು ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಇಳಕಲ್ಲಿನಲ್ಲಿ ನಮ್ಮದು ನೇಕಾರರ ಓಣಿ. ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಎದುರಿಗೂ ಮಗ್ಗ. ಹೊತ್ತು ಮೂಡಿದಾಗಿನಿಂದ ದೀಪ ಹಚ್ಚುವವರೆಗೆ ಲಟಪಟ ಸದ್ದು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರು ಯಾರನ್ನು ಎಷ್ಟು ಬೈದರೂ ಗೋಡೆಯಾಚೆ ಕೇಳುತ್ತಿರಲಿಲ್ಲ. ಆದರೆ ಬೈಯಿಸಿಕೊಳ್ಳಬೇಕಾದ ಅಪ್ಪ ಆಗ ಮನೆಯಲ್ಲಿ ಇರುತ್ತಿರಲಿಲ್ಲ. ಅವನು ಸರ್ವಿಸ್ ಮೋಟಾರು ನಡೆಸುತ್ತಿದ್ದ. ಬೆಳಗ್ಗೆ ಇಳಕಲ್ಲಿನಿಂದ ಹೊರಟು, ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯ ಸ್ಟೇಶನ್ನು ಮುಟ್ಟಿ, ರೈಲಿನಿಂದ ಇಳಿದವರನ್ನು ಹತ್ತಿಸಿಕೊಂಡು ಸಂಜೆಗೆ ತಿರುಗಿ ಬರುತ್ತಿದ್ದ. ಅವನು ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಓಣಿಯ ಮಗ್ಗಗಳೆಲ್ಲ ನಿಂತಿರುತ್ತಿದ್ದವು. ನೆರೆಯವರು ಗಾಳಿಗೆಂದು ಮಾಳಿಗೆ ಹತ್ತಿ ಕೂತಿರುತ್ತಿದ್ದರು. ನಮ್ಮ ಪಡಸಾಲೆಯ ನಡುವೆ ಒಂದು ಬೆಳಕಿಂಡಿ ಇತ್ತು. ಕೆಳಗೆ ಆಡಿದ್ದು ಅದರಿಂದ ನೆಟ್ಟಗೆ ಮೇಲೆ ಹೋಗಿ ಅವರ ಕಿವಿಗೆ ಬೀಳುತ್ತಿತ್ತು. ಮನೆಯ ಮಾತಿಗೆ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದು ಇರಲಾರದು, ಮತ್ತು ನಮಗೆ ಇದ್ದದ್ದು ಅದೊಂದೇ ಹೊತ್ತು.

ಅಪ್ಪನ ಮೋಟಾರನ್ನು ಈಗಿನವರು ನೋಡಿದರೆ ನಗುತ್ತಾರೆ. ಲಾರಿಯ ಮೈಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಕೂಡ್ರಿಸಿದಂತಿತ್ತು. ಕಿಟಕಿಗೆ ಗಾಜಿರಲಿಲ್ಲ, ತಾಡಪತ್ರಿಯ ಪರದೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಎಂಜಿನ್ನು ಅಪ್ಪನ ಎಡಮೊಣಕಾಲಿನ ಪಕ್ಕದಲ್ಲೇ ಒಂದು ತಗಡಿನ ಮುಚ್ಚಳದ ಕೆಳಗೆ ಕೂತು ಒದರುತ್ತಿತ್ತು. ಒಳಗೆ ಕೂತವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಹಿಂದಿನ ಬಾಕಿನವರಿಗೆ ಇಳಿಯುವುದಿದ್ದರೆ ಮುಂದಿನವರ ಕಿವಿಯಲ್ಲಿ ಕೂಗಬೇಕು, ಅವರು ಅವರ ಮುಂದಿನವರ ಕಿವಿಯಲ್ಲಿ ಕೂಗಬೇಕು. ಸುದ್ದಿ ಅಪ್ಪನನ್ನು ಮುಟ್ಟುವುದರೊಳಗೆ ಊರು ಹಿಂದೆ ಬಿದ್ದಿರುತ್ತಿತ್ತು. ಬೇವೂರಿನ ಮುದುಕಿಯೊಬ್ಬಳು ಪ್ರತಿ ಸಲವೂ ತನ್ನ ದಾರಿ ಬಿಟ್ಟು ಎಷ್ಟೋ ಮುಂದೆ ಇಳಿದು, ಅಪ್ಪನ ವಂಶವನ್ನೆಲ್ಲ ಬೈಯುತ್ತ ನಡೆದು ಹೋಗುತ್ತಿದ್ದಳು. ಕೆಲವರು ಛತ್ರಿಯಿಂದ ತಿವಿಯುತ್ತಿದ್ದರು, ಕೆಲವರು ರುಮಾಲಿನ ಚುಂಗು ಹಿಡಿದು ಜಗ್ಗುತ್ತಿದ್ದರು. ತಿವಿದರೂ ಜಗ್ಗಿದರೂ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅಪ್ಪ ಮಾಡುವುದು ಒಂದೇ: ರಸ್ತೆಯಿಂದ ಕಣ್ಣು ತೆಗೆಯದೆ ಗೋಣು ಹಾಕುತ್ತಿದ್ದ. ಏನೋ ಅಂದಿರಿ, ತಿಳಿಯಿತು, ಇನ್ನು ನಿಮ್ಮ ಜಾಗದಲ್ಲಿ ಕೂತುಕೊಳ್ಳಿ ಎಂಬಷ್ಟೇ ಅದರ ಅರ್ಥ. ದಿನಾ ಓಡಾಡುವವರಿಗೆ ಇದು ಗೊತ್ತಿತ್ತು. ಅವರು ಹೇಳುವುದನ್ನೆಲ್ಲ ಮೋಟಾರು ಚಾಲೂ ಆಗುವ ಮೊದಲೇ ಅಪ್ಪನ ಎದುರು ನಿಂತು ಹೇಳಿಬಿಡುತ್ತಿದ್ದರು. ಹಾಗೆ ಹೇಳಿದ್ದನ್ನು ಅಪ್ಪ ಎಂದೂ ಮರೆತವನಲ್ಲ. ಚಾಲೂ ಆದ ಮೇಲೆ ಆಡಿದ್ದಕ್ಕೆ ಅವನು ಜವಾಬುದಾರನೂ ಅಲ್ಲ.

ಮೊದಮೊದಲು ಮನೆಗೆ ಬಂದ ಮೇಲೆ ಊಟದ ಹೊತ್ತಿಗೆ, ಎಂಜಿನ್ನಿನ ಗದ್ದಲಕ್ಕೆ ಕಟ್ಟಿದ ಅವನ ಕಿವಿ ಬಿಡುತ್ತಿದ್ದವು. ಆಮೇಲೆ ನಸುಕಿಗೆ ಬಿಡತೊಡಗಿದವು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಬಿಡುವುದನ್ನೇ ಬಿಟ್ಟಿದ್ದವು. ಎದುರಿಗೆ ನಿಂತು ಬಾಯಿ ಅಗಲಿಸಿ ಗಟ್ಟಿಯಾಗಿ ಹೇಳಿದರೆ ಅರ್ಧ ಕೇಳಿ, ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಉಳಿದದ್ದಕ್ಕೆ ಗೋಣು ಇದ್ದೇ ಇತ್ತು. ಇದನ್ನು ಅವನು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ. ಮೋಟಾರು ಅವನದಲ್ಲ, ಖಾಜೇಸಾಬರದು. ಅವರು ಬಾಗಲಕೋಟೆಯ ಸ್ಟೇಶನ್ನಿನಲ್ಲಿ ನಿಂತು ತಿಕೀಟು ಕೊಡುತ್ತಿದ್ದರು. ಕಿವಿ ಕೇಳದವನ ಕೈಯಲ್ಲಿ ತಮ್ಮ ಮೋಟಾರನ್ನೂ ಅಷ್ಟು ಮಂದಿಯ ಜೀವವನ್ನೂ ಅವರು ಒಂದು ದಿನವಾದರೂ ಬಿಡುತ್ತಿದ್ದರೇ? ಅವ್ವ ನನ್ನನ್ನು ಒಲೆಯ ಮುಂದೆ ಕೂಡ್ರಿಸಿಕೊಂಡು, ಇದನ್ನು ಹೊರಗೆ ಆಡಬೇಡ ಎಂದು ಹೇಳಿದ್ದಳು. ಆದರೆ ಊಟಕ್ಕೆ ಕೂತಾಗ ದಿನವೂ ಅದೇ ಹಾಡು.

"ಏನ್ ಪಲ್ಯ?"

"ಪುಂಡಿಪಲ್ಯಾರಿ," ಎಂದು ಅವ್ವ ಮೆಲ್ಲಗೆ ಹೇಳುವಳು. ಅಪ್ಪ ಗೋಣು ಹಾಕುವನು. ರೊಟ್ಟಿ ಮುರಿಯುವನು.

"ಏನ್ ಪಲ್ಯ ಅಂದ್ನಿ."

ಅವ್ವ ಬಾದಾಮಿಯವಳು. ಅವಳ ತವರಿನಲ್ಲಿ ಆಕಳನ್ನೂ ಯಾರೂ ಕೂಗಿ ಕರೆಯುತ್ತಿರಲಿಲ್ಲವಂತೆ. ಪುಂಡಿಪಲ್ಯವನ್ನು ನಾನು ಕೂಗಿ ಹೇಳಬೇಕಾಗುತ್ತಿತ್ತು, ಮಾಳಿಗೆಯ ಮೇಲಿನವರು ನಗುತ್ತಿದ್ದರು. ಪಲ್ಯದ ಮಾತಾದರೆ ನಡೆದೀತು. ಅತ್ತೆಯ ಮನೆಯ ಜಗಳ, ಬಾದಾಮಿಯಲ್ಲಿ ಅಜ್ಜಿಗೆ ಬಂದ ಜಡ್ಡು, ಅವ್ವನ ಮೈಯ ಬೇನೆ, ಇವನ್ನೆಲ್ಲ ಓಣಿಗೆ ಸಾರುವುದು ಹೇಗೆ? ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಬರೆದು ತೋರಿಸುವ ದಾರಿಯೂ ಇರಲಿಲ್ಲ. ಅಮಾವಾಸ್ಯೆಗೆ ಮೋಟಾರಿಗೆ ರಜೆ. ಅಂದು ಹಗಲೆಲ್ಲ ಅಪ್ಪ ಮನೆಯಲ್ಲೇ ಇರುತ್ತಿದ್ದ. ಆದರೆ ಅಮಾವಾಸ್ಯೆಗೆ ನೇಕಾರರೂ ಮಗ್ಗ ಮುಟ್ಟುವುದಿಲ್ಲ. ಇದ್ದ ಒಂದು ಬಿಡುವಿನ ದಿನ ಇಡೀ ಓಣಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿತ್ತು. ಈಗ ನೆನೆಸಿಕೊಂಡರೂ ನನಗೆ ತಲೆ ಚಿಟ್ಟು ಹಿಡಿಯುತ್ತದೆ.

ನಾನು ಶಾಲೆಯಲ್ಲಿ ಜಾಣೆ ಎನಿಸಿಕೊಂಡಿದ್ದೆ. ಓಣಿಯ ಬೇರೆ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟು ಹೋದರೂ ನಾನು ಹೋಗುತ್ತಲೇ ಇದ್ದೆ. ಒಂದು ದಿನ ಶಾಲೆಯ ಅಕ್ಕೋರು ತಾವಾಗಿಯೇ ಮನೆಗೆ ಬಂದು ಪಡಸಾಲೆಯಲ್ಲಿ ಕೂತರು.

"ನಿಮ್ಮ ಗಂಗಿನ್ನ ಮುಲ್ಕಿ ಪರೀಕ್ಷಾಕ ಕೂಡಸ್ರಿ," ಎಂದರು. "ಪಾಸಾದ್ರ ಮುಂದ ಆಕೀನೂ ನನ್ನಂಗ ಸಾಲಿ ಕಲಸಬಹುದು. ಆದ್ರ ಅಷ್ಟರಾಗ ಲಗ್ನಾ ಗಿಗ್ನಾ ಅಂತ ಬಿಡಸಬ್ಯಾಡ್ರಿ."

ಅವರು ಹೋದ ಮೇಲೆ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ನಿಮ್ಮಪ್ಪಗ ಹೇಳಿ ಹೂಂ ಅನಸ್ತೇನಿ," ಎಂದಳು. ಅಮಾವಾಸ್ಯೆ ಬರುವವರೆಗೆ ಕಾದಳು. ಅಂದು ಅಪ್ಪ ಎಣ್ಣೆ ಸ್ನಾನ ಮಾಡಿ ಉಂಡು ಒರಗಿದ್ದಾಗ ಪಕ್ಕದಲ್ಲಿ ಕೂತು, ಅವನ ಕಿವಿಗೆ ಬಾಗಿ, ಅಕ್ಕೋರು ಬಂದದ್ದು, ಮುಲ್ಕಿ, ತನ್ನ ಆಸೆ, ಎಲ್ಲವನ್ನೂ ತನ್ನ ಬಾದಾಮಿಯ ದನಿಯಲ್ಲೇ ಹೇಳಿದಳು. ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪ ಸಾವಕಾಶವಾಗಿ ಗೋಣು ಹಾಕಿದ. ಅವ್ವ ಅಂದು ಸಂಜೆ ಹೂರಣ ರುಬ್ಬಿ ಹೋಳಿಗೆ ಮಾಡಿದಳು. ಮರುದಿನ ನಾನು ಶಾಲೆಯಲ್ಲಿ ಎಲ್ಲರಿಗೂ ಸಾರಿಕೊಂಡು ಬಂದೆ.

ಅದಾದ ಮೇಲೆ ಅಜ್ಜಿಯನ್ನು ನೋಡಲೆಂದು ಅವ್ವ ಮತ್ತು ನಾನು ಬಾದಾಮಿಗೆ ಹೋಗಿ, ರೈಲಿನಲ್ಲಿ ಬಾಗಲಕೋಟೆಗೆ ಬಂದು, ಅಲ್ಲಿಂದ ಅಪ್ಪನದೇ ಮೋಟಾರು ಹತ್ತಿದೆವು. ನಾವು ಹಿಂದಿನ ಹೆಂಗಸರ ಬಾಕಿನಲ್ಲಿ ಕೂತೆವು. ಮುಂದೆ ಅಪ್ಪನ ಪಕ್ಕದ ಸೀಟು ದೊಡ್ಡವರಿಗೆ ಮೀಸಲು. ಅಂದು ಅಲ್ಲಿ ಬಾಗಲಕೋಟೆಯ ನೂಲಿನ ಸಾವಕಾರರು ಕೂತಿದ್ದರು. ಇಳಕಲ್ಲಿನ ಮಗ್ಗದವರಿಗೆಲ್ಲ ನೂಲು ಹಾಕುವವರು ಅವರು. ತಂಗಿಯನ್ನು ಕೊಟ್ಟದ್ದೂ ಇಳಕಲ್ಲಿಗೇ. ಆದರೂ ಯಾವಾಗಲೂ ಎತ್ತಿನ ಗಾಡಿಯಲ್ಲಿ ಬರುತ್ತಿದ್ದವರು, ಮೋಟಾರು ಹತ್ತಿದ್ದು ಅಂದೇ ಮೊದಲು. ಊರು ಬಿಟ್ಟಾಗಿನಿಂದ ಅವರು ಅಪ್ಪನ ಕಿವಿಗೆ ಬಾಗಿ ಏನೋ ಹೇಳುತ್ತಲೇ ಇದ್ದರು. ಹತ್ತುವಾಗ ನನ್ನನ್ನು ದಿಟ್ಟಿಸಿ ನೋಡಿದ್ದರು, ಅದು ನೆನಪಿದೆ. ಅಪ್ಪ ರಸ್ತೆ ನೋಡುತ್ತ ಗೋಣು ಹಾಕುತ್ತ ಇದ್ದ. ಸಾವಕಾರರ ಮುಖ ಅರಳುತ್ತ ಹೋಯಿತು. ಅಮೀನಗಡದಲ್ಲಿ ಎಂಜಿನ್ನು ಆರಿಸದೆಯೇ ಮೋಟಾರು ನಿಂತಾಗ ಇಳಿದು ಹೋಗಿ ಕರದಂಟಿನ ಪೊಟ್ಟಣ ತಂದು, ಮೋಟಾರಿನಲ್ಲಿದ್ದವರಿಗೆಲ್ಲ ತಾವೇ ಕೈಯಾರೆ ಹಂಚಿದರು. ಅಪ್ಪನಿಗೂ ಕೊಟ್ಟರು, ಅವನೂ ತಿಂದ. ಮಂದಿ ಅಪ್ಪನ ಬೆನ್ನು ತಟ್ಟಿದರು. ಅಪ್ಪ ಅದಕ್ಕೂ ಗೋಣು ಹಾಕಿ ಮತ್ತೆ ಮೋಟಾರು ಮುಂದೆ ಬಿಟ್ಟ. ನನ್ನ ಪಕ್ಕದ ಹೆಂಗಸು ನನ್ನ ಗಲ್ಲ ಸವರಿ ಏನೋ ಅಂದಳು. ಗದ್ದಲದಲ್ಲಿ ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ನಾನು ನಕ್ಕು, ಇನ್ನೊಂದು ತುಂಡು ಕರದಂಟು ಇಸಿದುಕೊಂಡೆ.

ಮರುದಿನ ಹೊತ್ತೇರಿದ ಮೇಲೆ ಸಾವಕಾರರ ತಂಗಿ ತಾಟಿನಲ್ಲಿ ಸೀರೆ, ಕುಬಸದ ಖಣ, ಸಕ್ಕರೆ ಇಟ್ಟುಕೊಂಡು ಮನೆಗೆ ಬಂದಳು. ಅವ್ವ ಗಾಬರಿಯಾಗಿ ಎದ್ದು ನಿಂತಳು.

"ನಿಮ್ಮ ಗಂಗಿನ್ನ ತನ್ನ ಮಗಗ ತಗೊಳ್ಳೂ ಮಾತ ಅಣ್ಣ ಮುಗಿಸ್ಯಾನವಾ," ಎಂದಳು ಆಕೆ. "ದೀಪಾವಳಿ ಆದ ಮ್ಯಾಲೆ ಲಗ್ನಾ. ಇನ್ನ ಹುಡಿಗಿ ಸಾಲಿ ಪಾಲಿ ಸಾಕು. ನಮ್ಮ ಮನಿತನದಾಗ ಹೆಣ್ಣಮಕ್ಕಳು ಅದನ್ನೆಲ್ಲಾ ಮಾಡಂಗಿಲ್ಲ."

"ಯಾರ ಜೋಡಿ ಮುಗಿಸ್ಯಾರ್ರಿ ಮಾತ?"

"ನಿಮ್ಮ ಮನಿಯವರ ಜೋಡಿ, ಮೋಟಾರದಾಗ. ಯಾಕ, ನೀವೂ ಕರದಂಟ ತಿಂದ್ರಂತಲ್ಲ."

ಅವ್ವ ಆಕೆಗೆ ಕುಂಕುಮ ಕೊಟ್ಟು ಕಳಿಸಿ, ತಾಟನ್ನು ಮುಟ್ಟದೆ ಗೋಡೆಯ ಹತ್ತಿರ ಹಾಗೇ ಬಿಟ್ಟಳು. ಶಾಲೆಗೆ ಹೂಂ ಎಂದು ಗೋಣು ಹಾಕಿದವನೇ ತನ್ನನ್ನು ಒಂದು ಮಾತು ಕೇಳದೆ ಲಗ್ನಕ್ಕೂ ಹೂಂ ಅಂದುಬಿಟ್ಟ ಎಂದು ಅವಳ ಲೆಕ್ಕ. ನನ್ನದೂ ಅದೇ ಲೆಕ್ಕ. ಅಪ್ಪ ಬಂದ. ಕೈಕಾಲು ತೊಳೆದ. ಏನ್ ಪಲ್ಯ ಎಂದ. ಅವ್ವ ಬಾಯಿ ಬಿಡಲಿಲ್ಲ. ಬಿಟ್ಟರೂ ಅವಳ ದನಿ ಅವನನ್ನು ಮುಟ್ಟುತ್ತಿರಲಿಲ್ಲ, ಮುಟ್ಟುವಂತೆ ಹೇಳಿದರೆ ಊರೆಲ್ಲ ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅವನ ಎದುರು ಹೋಗಿ ನಿಂತು, ಗಂಟಲು ಹರಿಯುವಂತೆ ಒದರಿದೆ.

"ಯಪ್ಪಾ, ನನಗ ಈ ಲಗ್ನಾ ಬ್ಯಾಡ."

ಮಾಳಿಗೆಯ ಮೇಲಿನ ಮಾತುಕತೆ ಒಮ್ಮೆಲೆ ನಿಂತಿತು. ಅಪ್ಪ ನನ್ನ ಬಾಯಿಯನ್ನೇ ನೋಡಿದ.

"ಯಾವ ಲಗ್ನಾ?"

ಮೇಲೆ ಯಾರೋ ಕಿಸಕ್ಕನೆ ನಕ್ಕರು. ನಾನು ತಾಟು ತೋರಿಸಿದೆ, ಸಾವಕಾರರ ಹೆಸರು ಹೇಳಿದೆ, ಕರದಂಟು ಎಂದೆ. ಅವನ ಮುಖ ಬಿಳಿಚಿಕೊಳ್ಳುತ್ತ ಹೋಯಿತು. ಆಗ ಅವ್ವ ನನ್ನ ಹಿಂದೆ ಬಂದು ನಿಂತು, ಮೆಲ್ಲಗೆ, "ಸಾಲಿದು ಕೇಳು, ಅದಾದ್ರೂ ತಿಳದಿತ್ತೇನು ಅಂತ ಕೇಳು," ಎಂದಳು.

"ಅಮಾಸಿ ದಿನ ಅವ್ವ ನನ್ನ ಸಾಲಿ ಮಾತ ಹೇಳಿದ್ಲಲ್ಲ, ಅದಾದ್ರೂ ಕೇಳಿತ್ತೇನು?"

"ಯಾವ ಸಾಲಿ ಮಾತ?" ಎಂದ ಅಪ್ಪ.

ಅವ್ವ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವಳು ಇಡೀ ದಿನದಲ್ಲಿ ಮಾಡುತ್ತಿದ್ದ ಗಟ್ಟಿ ಸದ್ದು ಅದೊಂದೇ. ಅಂದು ಅದು ಎಂದಿಗಿಂತ ಗಟ್ಟಿಯಾಗಿತ್ತು, ಮತ್ತು ಅಷ್ಟು ರೊಟ್ಟಿ ತಿನ್ನುವವರು ನಮ್ಮ ಮನೆಯಲ್ಲಿ ಇರಲಿಲ್ಲ. ನನಗೆ ಅಪ್ಪನ ಮೇಲೆ ಮರುಕ ಬರಬೇಕಿತ್ತೋ ಏನೋ. ಬರಲಿಲ್ಲ. ಸಿಟ್ಟೇ ಬಂತು. ಕೇಳದಿದ್ದರೆ ಕೇಳಲಿಲ್ಲ ಎಂದು ಹೇಳಲು ಏನಾಗಿತ್ತು? ಎಷ್ಟು ವರ್ಷ ನಾವು ಏನೇನು ಹೇಳಿಕೊಂಡು, ಆ ಗೋಣು ನಂಬಿಕೊಂಡು ಬದುಕಿದ್ದೆವು?

ಮರುದಿನ ನಸುಕಿನಲ್ಲಿ ತಾಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮೂವರೂ ಅದೇ ಮೋಟಾರಿನಲ್ಲಿ ಬಾಗಲಕೋಟೆಗೆ ಹೊರಟೆವು. ಹೊರಡುವ ಮೊದಲು ಅಪ್ಪನ ಬಾಯಲ್ಲಿ ಒಂದು ನೆಪವನ್ನು ಗಟ್ಟಿ ಮಾಡಿಸಿದ್ದೆವು: ಮನೆದೇವರಿಗೆ ಹೂ ಏರಿಸಿ ಕೇಳಿದೆವು, ದೇವರು ಹೂ ಕೊಡಲಿಲ್ಲ. ಅಷ್ಟು ಹೇಳುವುದು, ತಾಟು ಇಡುವುದು, ಹಿಂದಿರುಗುವುದು. ಖಾಜೇಸಾಬರು ಸ್ಟೇಶನ್ನಿನ ಬಳಿ ಸಿಕ್ಕರು. ಸಾವಕಾರರ ಅಂಗಡಿಗೆ ಹೋಗುವುದಿದೆ ಎಂದಾಗ, ಎರಡೂ ಕಡೆಗೆ ಬೇಕಾದವರಾದ್ದರಿಂದ ಜೊತೆಗೆ ಬಂದರು. ಅಂಗಡಿಯಲ್ಲಿ ನೂಲಿನ ಗಂಟುಗಳ ನಡುವೆ ಗಾದಿಯ ಮೇಲೆ ಸಾವಕಾರರು ಕೂತಿದ್ದರು, ಸುತ್ತ ಗಿರಾಕಿಗಳಿದ್ದರು. ಅಪ್ಪ ನೆಪ ಹೇಳಿದ. ಸಾವಕಾರರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಮಲ್ಲಪ್ಪ, ದೇವರನ್ನ ಮಾತ ಕೊಡೂ ಮೊದಲ ಕೇಳಬೇಕಪ," ಎಂದರು ತಣ್ಣಗೆ. "ತುಂಬಿದ ಮೋಟಾರದಾಗ ನೀ ಹೂಂ ಅಂದೀ. ಎಲ್ಲಾರೂ ಬಾಯಿ ಸಿಹಿ ಮಾಡ್ಕೊಂಡಾರ. ಈಗ ಒಲ್ಲೆ ಅಂದ್ರ ಮಾತಿಗೆ ತಪ್ಪಿದವರ ಮಗಳು ಅಂತಾರ. ಆಕೀನ್ನ ನಾಳೆ ಯಾರ ಕೇಳ್ಯಾರು? ಸಾಲಿ ಕಲಸೂ ಹೆಣ್ಣಮಗಳಿಗೆ ಹೆಸರ ಬ್ಯಾಡೇನು? ಹೇಳು, ಮಾತ ನಡಸ್ತೀಯೋ ಇಲ್ಲೋ?"

ಸಾವಕಾರರ ಬಾಯಲ್ಲಿ ಎಲೆಅಡಿಕೆ ಇತ್ತು, ತುಟಿ ಸರಿಯಾಗಿ ಬಿಡುತ್ತಿರಲಿಲ್ಲ. ಅಪ್ಪನಿಗೆ ಒಂದು ಮಾತೂ ಹತ್ತಲಿಲ್ಲ ಎಂದು ನನಗೂ ಅವ್ವನಿಗೂ ತಕ್ಷಣ ತಿಳಿಯಿತು. ಒದರಿ ಹೇಳೋಣವೆಂದರೆ ಖಾಜೇಸಾಬರು ಪಕ್ಕದಲ್ಲೇ ನಿಂತಿದ್ದರು. ನಾವು ನೋಡುತ್ತಿದ್ದ ಹಾಗೆಯೇ ಅಪ್ಪನ ಗೋಣು ಅಲುಗತೊಡಗಿತು. ವರ್ಷಗಟ್ಟಲೆಯ ರೂಢಿ. ಯಾರೋ ಏನೋ ಕೇಳಿದರು, ಅವನು ಹೂಂ ಅನ್ನುವುದರಲ್ಲಿದ್ದ. ಅವ್ವ ಗಂಡಸರ ನಡುವೆ ಎರಡು ಹೆಜ್ಜೆ ಮುಂದೆ ಬಂದು ಅವನ ರಟ್ಟೆ ಹಿಡಿದಳು. ಅಪ್ಪ ನಿಂತ. ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ಖಾಜೇಸಾಬರನ್ನೂ ಒಂದು ಸಲ ನೋಡಿದ. ಆಮೇಲೆ ಅಂಗಡಿಯಾಚೆಗೂ ಕೇಳುವ ತನ್ನ ಮೋಟಾರಿನ ದನಿಯಲ್ಲಿ ಹೇಳಿದ.

"ಸಾವಕಾರ್ರ, ದೇವರ ಹೂವಿಂದು ಸುಳ್ಳರಿ. ನೀವು ಈಗ ಏನಂದ್ರಿ ನನಗ ತಿಳೀಲಿಲ್ಲ. ಆವತ್ತ ಮೋಟಾರದಾಗ ಏನಂದ್ರಿ ಅದೂ ತಿಳದಿಲ್ಲ. ನನಗ ಕಿವಿ ಕೇಳಂಗಿಲ್ಲ. ಕೇಳದವ ಮಾತ ಹೆಂಗ ಕೊಟ್ಟಾನ್ರಿ?"

ಅಪ್ಪನ ಬೆನ್ನ ಹಿಂದೆ ನಿಂತಿದ್ದ ಖಾಜೇಸಾಬರು ಮೆಲ್ಲಗೆ, "ಮಲ್ಲಪ್ಪಣ್ಣ," ಎಂದರು. ಅಪ್ಪ ತಿರುಗಲಿಲ್ಲ. ಇನ್ನೊಂದು ಸಲ ಕರೆದರು. ಅಪ್ಪ ಸಾವಕಾರರ ಬಾಯಿಯನ್ನೇ ನೋಡುತ್ತ ನಿಂತಿದ್ದ. ಖಾಜೇಸಾಬರು ಅಲ್ಲೇ ಒಂದು ನೂಲಿನ ಗಂಟಿನ ಮೇಲೆ ಕುಸಿದು ಕೂತರು. ಸಾವಕಾರರು ಬಾಯಿಯ ಎಲೆ ಉಗುಳಿ ಬಂದು, ನನ್ನ ಕೈಯಿಂದ ತಾಟು ಇಸಿದುಕೊಂಡು, "ಹೋಗಿ ಬರ್ರಿ," ಎಂದರು. ನಾನು ಮುಲ್ಕಿಗೆ ಕೂತದ್ದು, ಮುಂದೆ ನಾನೂ ಅಕ್ಕೋರಾಗಿ ಹುನಗುಂದದಲ್ಲಿ ಬಹಳ ಕಾಲ ಮಕ್ಕಳಿಗೆ ಕಲಿಸಿದ್ದು, ಎಲ್ಲ ಅಪ್ಪ ಆಡಿದ ಆ ಮಾತಿನಿಂದ. ಅಷ್ಟು ಬೆಲೆಯಿಲ್ಲದೆ ಅದು ಆಗುತ್ತಿರಲಿಲ್ಲವೇ ಎಂದು ಈಗಲೂ ನನಗೆ ಒಳಗೊಳಗೇ ಕುದಿಯುತ್ತದೆ.

ನಾವು ಸ್ಟೇಶನ್ನಿಗೆ ಬರುವ ಮೊದಲೇ ಸುದ್ದಿ ಅಲ್ಲಿಗೆ ಬಂದಿತ್ತು. ರೈಲು ಬಂತು, ಮಂದಿ ಇಳಿದರು. ಒಬ್ಬ ತನ್ನ ಟ್ರಂಕನ್ನು ಮೋಟಾರಿನ ಮೇಲೆ ಏರಿಸಿ, ಹಮಾಲ ಏನೋ ಹೇಳಿದ ಮೇಲೆ ಮತ್ತೆ ಇಳಿಸಿಕೊಂಡ. ಉಳಿದವರು ದೂರದಲ್ಲೇ ನಿಂತು ಅಪ್ಪನ ಕಿವಿಗಳನ್ನು ನೋಡಿದರು, ಹೊಸದಾಗಿ ಬೆಳೆದಿವೆಯೇನೋ ಎಂಬಂತೆ. ನಿನ್ನೆಯವರೆಗೆ ಅದೇ ಕಿವಿಗಳ ಹಿಂದೆ ಕೂತು ನೆಮ್ಮದಿಯಾಗಿ ತೂಕಡಿಸಿದವರು ಅವರು. ಎಲ್ಲರೂ ಟಾಂಗಾ, ಎತ್ತಿನ ಗಾಡಿ ಹುಡುಕಿಕೊಂಡು ಹೋದರು. ಖಾಜೇಸಾಬರು ನನ್ನನ್ನು ಬದಿಗೆ ಕರೆದರು.

"ನಾಳೆಯಿಂದ ಬ್ಯಾರೆಯವರನ್ನ ಹಚ್ಚತೇನಿ, ಗಂಗವ್ವ. ಇವತ್ತ ಊರಿಗೆ ಒಯ್ದು ನಿಲ್ಲಸಲಿ. ನಿಮ್ಮಪ್ಪಗ ನೀನ ಹೇಳು. ಇದನ್ನ ಒದರಿ ಹೇಳಾಕ ನನ್ನ ಕಡಿಂದ ಆಗಂಗಿಲ್ಲ."

ಅವರ ಕಣ್ಣು ತುಂಬಿದ್ದವು. ನಾನು ಅಪ್ಪನ ಹತ್ತಿರ ಹೋಗಿ ಬಾಯಿ ತೆರೆದೆ. "ತಿಳೀತು ಬಿಡು," ಎಂದು ಅವನು ಹ್ಯಾಂಡಲ್ಲು ತೆಗೆದುಕೊಂಡು ಮೋಟಾರಿನ ಮುಂದೆ ಹೋದ.

ಅವನು ಹ್ಯಾಂಡಲ್ಲು ತಿರುವಿ ಎಂಜಿನ್ನು ಎಬ್ಬಿಸಿ ಬಂದು ಕೂರುವಷ್ಟರಲ್ಲಿ ಅವ್ವ ಮುಂದಿನ ಸೀಟಿನಲ್ಲಿ ಕೂತಿದ್ದಳು. ಸಾವಕಾರರು, ಫೌಜದಾರರು ಕೂರುವ ಆ ಸೀಟಿನಲ್ಲಿ ಹೆಂಗಸರು ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹಿಂದೆ ಖಾಲಿ ಬಾಕುಗಳ ನಡುವೆ ನಾನೊಬ್ಬಳೇ. ಊರು ದಾಟಿತೋ ಇಲ್ಲವೋ, ಅವ್ವ ಮಾತಾಡತೊಡಗಿದಳು. ಅಪ್ಪನ ಕಡೆ ಬಾಗಲಿಲ್ಲ, ಕಿವಿಗೆ ಬಾಯಿ ಹಚ್ಚಲಿಲ್ಲ. ತನ್ನ ಮಾಮೂಲಿ ಮೆಲುದನಿಯಲ್ಲೇ ಇದ್ದಿರಬೇಕು, ಕುತ್ತಿಗೆಯ ನರ ಕೂಡ ಉಬ್ಬಿರಲಿಲ್ಲ. ರಸ್ತೆಯನ್ನು ನೋಡುತ್ತ, ಕೈ ಆಡಿಸುತ್ತ, ಒಂದೇ ಸಮನೆ ಹೇಳುತ್ತ ಹೋದಳು. ಒಂದು ಕಡೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನ್ನೊಂದು ಕಡೆ ನಕ್ಕಳು. ಅಮೀನಗಡ ದಾಟಿದರೂ ಮುಗಿಯಲಿಲ್ಲ, ಹುನಗುಂದ ದಾಟಿದರೂ ಮುಗಿಯಲಿಲ್ಲ. ನಾನು ಬಾಕಿನಿಂದ ಬಾಕಿಗೆ ದಾಟುತ್ತ ಅವರ ಬೆನ್ನ ಹಿಂದಿನವರೆಗೂ ಬಂದೆ, ಸರಳಿಗೆ ಕಿವಿ ಹಚ್ಚಿದೆ. ಎಂಜಿನ್ನಿನ ಅಬ್ಬರದಲ್ಲಿ ಒಂದೇ ಒಂದು ಮಾತೂ ಸಿಗಲಿಲ್ಲ. ಅಪ್ಪ ಅವಳ ಕಡೆ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಚಕ್ರ ಹಿಡಿದು, ಎಂದಿಗಿಂತ ಸಾವಕಾಶವಾಗಿ ಮೋಟಾರು ನಡೆಸಿದ.

ಇಳಕಲ್ಲಿನಲ್ಲಿ ಇಳಿದು ಓಣಿಗೆ ನಡೆಯುವಾಗ ನಾನು ಅವ್ವನ ಸೆರಗು ಹಿಡಿದು ಜಗ್ಗಿದೆ. ಅಪ್ಪ ಹಿಂದೆ ಮೋಟಾರಿನ ಹತ್ತಿರವೇ ಉಳಿದಿದ್ದ.

"ಅಷ್ಟೊತ್ತ ಏನ್ ಹೇಳಿದೆವಾ?"

"ನಿಮ್ಮಪ್ಪಗ ಹೇಳೂದಿತ್ತು, ಹೇಳಿದ್ನಿ."

"ಅಪ್ಪಗ ಒಂದಾದ್ರೂ ಮಾತ ಕೇಳಿಸಿರತೈತೇನು?" ಎಂದೆ ಸಿಟ್ಟಿನಿಂದ.

"ಕೇಳಂಗಿಲ್ಲ ಅಂತನ ಅಷ್ಟು ಹೇಳಿದ್ನಿ," ಎಂದಳು ಅವ್ವ.